ಕೂದಲ ಬುಡದ ಹಗೇವು: ನೆತ್ತಿಯಲ್ಲಿ ನ್ಯಾನೋಕಣ ಏನು ಮಾಡುತ್ತದೆ?

ಹೋದ ವಾರ ವಿಜಯಪುರದ ನಮ್ಮ ರೂಮಿನಲ್ಲಿ ನಾಲ್ವರು ಕೂತು, ನೆತ್ತಿಗೆ ಹಚ್ಚುವ ಔಷಧವನ್ನು ನ್ಯಾನೋಕಣದಲ್ಲಿ, ಅಂದರೆ ಕಣ್ಣಿಗೆ ಕಾಣದಷ್ಟು ಚಿಕ್ಕ ಕಣದಲ್ಲಿ, ಯಾಕೆ ಇಡುತ್ತಾರೆ ಅನ್ನುವ ಪಾಠ ಓದಿದೆವು. ಎಲ್ಲರ ಉತ್ತರವೂ ಒಂದೇ ಆಗಿತ್ತು: “ನ್ಯಾನೋಕಣ ತುಂಬಾ ಚಿಕ್ಕದು, ಅದಕ್ಕೇ ಚರ್ಮ ದಾಟಿ ಒಳಗೆ ಹೋಗುತ್ತದೆ.” ಇದು ತಪ್ಪು. ಆ ತಪ್ಪನ್ನು ಬಿಡಿಸಲೆಂದೇ ಈ ಟಿಪ್ಪಣಿ.

ಮೊದಲು ಗೋಡೆಯ ವಿಷಯ. ಚರ್ಮದ ತೀರಾ ಮೇಲಿನ ಪದರ 10ರಿಂದ 20 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ದಪ್ಪ ಅಷ್ಟೇ. ಸತ್ತ ಜೀವಕೋಶಗಳು ಇಟ್ಟಿಗೆ, ನಡುವಿನ ಕೊಬ್ಬು ಗಾರೆ. 500 ಡಾಲ್ಟನ್‌ಗಿಂತ (ಡಾಲ್ಟನ್ ಅಂದರೆ ಅಣುತೂಕದ ಅಳತೆ) ದೊಡ್ಡ ಅಣು ಇದನ್ನು ದಾಟುವುದು ಕಷ್ಟ. ಕೂದಲು ಉದುರುವುದಕ್ಕೆ ನೆತ್ತಿಗೆ ಹಚ್ಚುವ ಔಷಧ ಮಿನಾಕ್ಸಿಡಿಲ್‌ನ ಅಣುತೂಕ ಸುಮಾರು 209. ಅಂದರೆ ಅದಕ್ಕೆ ದಾರಿ ಇದೆ. ಹಾಗಿದ್ದರೆ ಅದನ್ನು ನ್ಯಾನೋಕಣದೊಳಗೆ ಯಾಕೆ ಇಡಬೇಕು?

ಲೆಕ್ಕ ಹಾಕಿ ನೋಡಿ. ಒಂದು ಮಿಲಿ ನೀರಿನಲ್ಲಿ ಮಿನಾಕ್ಸಿಡಿಲ್ ಕರಗುವುದು ಸುಮಾರು 2 ಮಿಲಿಗ್ರಾಂ. 5% ದ್ರಾವಣದಲ್ಲಿ ಪ್ರತಿ ಮಿಲಿಗೆ 50 ಮಿಲಿಗ್ರಾಂ ಇರಬೇಕು. ಬರೀ ನೀರಿನಲ್ಲಿ ಆಗದ ಮಾತು. ಅದಕ್ಕೇ ಆಲ್ಕೋಹಾಲ್, ಪ್ರೊಪಿಲೀನ್ ಗ್ಲೈಕಾಲ್ ಬೆರೆಸುತ್ತಾರೆ. ನೆತ್ತಿಗೆ ಹಚ್ಚಿದ ಮೇಲೆ ಆಲ್ಕೋಹಾಲ್ ಆರಿಹೋಗುತ್ತದೆ, ಔಷಧದ ಹರಳು ಮೇಲೆಯೇ ಉಳಿಯುತ್ತದೆ. ಗ್ಲೈಕಾಲ್‌ನಿಂದ ಕೆಲವರಿಗೆ ತುರಿಕೆ, ಹೊಟ್ಟು. ದಿನಕ್ಕೆ ಎರಡು ಸಲ ಹಚ್ಚಬೇಕು ಬೇರೆ. ಎಷ್ಟೋ ಜನ ನಡುವೆಯೇ ಬಿಟ್ಟುಬಿಡುತ್ತಾರೆ. ತೊಡಕು ಇರುವುದು ಇಲ್ಲಿ, ಅಣುವಿನ ಗಾತ್ರದಲ್ಲಲ್ಲ.

ಈಗ ಕೂದಲ ಗುಣಿಗೆ, ಅಂದರೆ ಕೂದಲು ಹುಟ್ಟಿ ಬರುವ ಕುಳಿಗೆ, ಬರೋಣ. ಪುಸ್ತಕದಲ್ಲಿ ಇದನ್ನು ರೋಮಕೂಪ ಅನ್ನುತ್ತಾರೆ. ನನಗೆ ಇದನ್ನು ಓದಿದಾಗ ನೆನಪಾದದ್ದು ನಮ್ಮ ಅಜ್ಜಿಯ ಊರಿನ ಹಗೇವು. ನೆಲದೊಳಗೆ ಜೋಳ ತುಂಬಿಡುವ ಗುಂಡಿ. ಬಾಯಿ ಕಿರಿದು, ಒಳಗೆ ಆಳ. ಒಮ್ಮೆ ತುಂಬಿದರೆ ಬೇಕಾದಾಗ ಬೇಕಾದಷ್ಟು ತೆಗೆಯಬಹುದು. ನೆತ್ತಿಯಲ್ಲಿ ಇಂಥ ಗುಣಿಗಳು ಸುಮಾರು ಒಂದು ಲಕ್ಷ. ನ್ಯಾನೋಕಣದ ಕೆಲಸ ಗೋಡೆ ಒಡೆಯುವುದಲ್ಲ, ಈ ಹಗೇವಿನಲ್ಲಿ ಔಷಧ ತುಂಬಿಡುವುದು. ಕಣ ಅಲ್ಲೇ ನಿಲ್ಲುತ್ತದೆ. ಔಷಧ ಮಾತ್ರ ಮೆಲ್ಲಗೆ ಹೊರಬಂದು ಸುತ್ತಲಿನ ಜೀವಕೋಶಗಳಿಗೆ ಸೇರುತ್ತದೆ.

ಬರ್ಲಿನ್‌ನ ಚರ್ಮ ಸಂಶೋಧಕ ಯುರ್ಗೆನ್ ಲಾಡೆಮಾನ್ ಮತ್ತು ಸಂಗಡಿಗರು 2007ರಲ್ಲಿ ಇದನ್ನೇ ತೋರಿಸಿದರು. ಸುಮಾರು 320 ನ್ಯಾನೋಮೀಟರ್ ಕಣಗಳಲ್ಲಿ ಇಟ್ಟ ಬಣ್ಣ ಗುಣಿಯಲ್ಲಿ 10 ದಿನದವರೆಗೆ ಉಳಿಯಿತು. ಕಣವಿಲ್ಲದ ಬಣ್ಣ ಉಳಿದದ್ದು 4 ದಿನ.

ಗಾತ್ರವನ್ನು ಗಮನಿಸಿ. ಚಿಕ್ಕದಾದಷ್ಟೂ ಒಳ್ಳೆಯದು ಅಂತ ಅಲ್ಲವೇ ಅಲ್ಲ. ಗುಣಿಯಲ್ಲಿ ಹೆಚ್ಚು ಆಳಕ್ಕೆ ಇಳಿದದ್ದು 300ರಿಂದ 600 ನ್ಯಾನೋಮೀಟರ್ ಕಣಗಳು. ಯಾಕೆ? ಚಿಕ್ಕವರಿದ್ದಾಗ ಜವೆಗೋಧಿಯ ತೆನೆಯನ್ನು ತೋಳಿನೊಳಗೆ ಇಟ್ಟುಕೊಂಡು ಆಡಿದ್ದೀರಾ? ಕೈ ಆಡಿಸಿದಂತೆಲ್ಲ ತೆನೆ ತಾನೇ ಮೇಲೆ ಏರುತ್ತದೆ, ಹಿಂದಕ್ಕೆ ಬರುವುದಿಲ್ಲ. ಅದರ ಮುಳ್ಳುಗಳೆಲ್ಲ ಒಂದೇ ಕಡೆ ವಾಲಿರುತ್ತವೆ. ಕೂದಲಿನ ಮೇಲೂ ಹಂಚು ಹೊದಿಸಿದಂತೆ ಚಿಕ್ಕ ಚಿಕ್ಕ ಹುರುಪೆಗಳಿವೆ. ಒಂದು ಕೂದಲು ಹಿಡಿದು ತುದಿಯಿಂದ ಬುಡಕ್ಕೆ ಬೆರಳಾಡಿಸಿದರೆ ಒರಟು ತಿಳಿಯುತ್ತದೆ. ಈ ಹುರುಪೆಯ ದಪ್ಪ ಹೆಚ್ಚುಕಡಿಮೆ ಅರ್ಧ ಮೈಕ್ರಾನ್, ಅಂದರೆ 500 ನ್ಯಾನೋಮೀಟರ್. ಕಣವೂ ಅಷ್ಟೇ ಗಾತ್ರದ್ದಾದರೆ ಹುರುಪೆಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಕೂದಲು ಅಲುಗಿದಾಗ ಹುರುಪೆ ಅದನ್ನು ಕೆಳಗೆ ತಳ್ಳುತ್ತದೆ. ಲಾಡೆಮಾನ್ ಗುಂಪು ಕೊಟ್ಟ ವಿವರಣೆ ಇದು. ನನಗಂತೂ ಇಡೀ ಪಾಠದಲ್ಲಿ ಇದಕ್ಕಿಂತ ಚಂದದ ಭಾಗ ಇಲ್ಲ.

ಕಣದ ಬಗೆಗಳು ಹಲವು. ಲೈಪೋಸೋಮ್‌ನಲ್ಲಿ ಫಾಸ್ಫೋಲಿಪಿಡ್ ಅನ್ನುವ ಕೊಬ್ಬಿನ ಪೊರೆ. ನಿಯೋಸೋಮ್‌ನಲ್ಲಿ ವಿದ್ಯುದಾವೇಶವಿಲ್ಲದ ಸರ್ಫ್ಯಾಕ್ಟೆಂಟ್ (ಸಾಬೂನಿನಂಥ ವಸ್ತು). ಪಿಎಲ್‌ಜಿಎ ಕಣ ನಿಧಾನಕ್ಕೆ ಕರಗುವ ಪಾಲಿಮರ್. ಘನ ಕೊಬ್ಬಿನ ಕಣವನ್ನು ಮಾತ್ರ ಸ್ವಲ್ಪ ಗಮನಿಸಿ ಓದಿ. ಅದರಲ್ಲಿ ಕೊಬ್ಬು ಇಟ್ಟಲ್ಲೇ ಅಚ್ಚುಕಟ್ಟಾದ ಹರಳಾಗುತ್ತಾ ಹೋಗುತ್ತದೆ, ಜಾಗ ಸಾಲದೆ ಔಷಧ ಹೊರಬೀಳುತ್ತದೆ. ಬಿಸಿ ಏರಿದರೆ ಇದು ಇನ್ನೂ ಬೇಗ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳ 40 ಡಿಗ್ರಿ ಬಿಸಿಲಿನಲ್ಲಿ ಇದು ಸಣ್ಣ ಮಾತಲ್ಲ. ಸ್ವಲ್ಪ ಎಣ್ಣೆ ಬೆರೆಸಿದರೆ ಹರಳು ಅಚ್ಚುಕಟ್ಟಾಗದೆ ಉಳಿಯುತ್ತದೆ, ಔಷಧಕ್ಕೆ ಜಾಗ ಸಿಗುತ್ತದೆ. ಇದೇ ಎನ್‌ಎಲ್‌ಸಿ (ನ್ಯಾನೋಸ್ಟ್ರಕ್ಚರ್ಡ್ ಲಿಪಿಡ್ ಕ್ಯಾರಿಯರ್).

ಕಣದಿಂದ ಆಗದ್ದೂ ಇದೆ. ಮಿನಾಕ್ಸಿಡಿಲ್ ಗುಣಿಯಲ್ಲಿರುವ ಸಲ್ಫೋಟ್ರಾನ್ಸ್‌ಫರೇಸ್ ಕಿಣ್ವದಿಂದ ಮಿನಾಕ್ಸಿಡಿಲ್ ಸಲ್ಫೇಟ್ ಆಗಿ ಬದಲಾದರೆ ಮಾತ್ರ ಕೆಲಸ ಮಾಡುತ್ತದೆ. ಕಿಣ್ವ ಕಡಿಮೆ ಇರುವವರಿಗೆ ಹಗೇವು ತುಂಬಿದ್ದರೂ ಲಾಭ ಕಡಿಮೆ. ಗಾಯದ ಕಲೆಯಾಗಿ ಗುಣಿಯೇ ಮುಚ್ಚಿಹೋಗಿದ್ದರೆ ತುಂಬುವುದಾದರೂ ಎಲ್ಲಿ, ಅಲ್ವಾ?

ಪ್ರಾಕ್ಟಿಕಲ್‌ನಲ್ಲಿ ಕೇಳುವ ಪ್ರಶ್ನೆ: ಔಷಧ ಗುಣಿಗೇ ಹೋಯಿತು ಅಂತ ಹೇಗೆ ಗೊತ್ತು? ಹಂದಿಯ ಕಿವಿಯ ಚರ್ಮಕ್ಕೆ ಹಚ್ಚುತ್ತಾರೆ, ಅದು ನಮ್ಮ ಚರ್ಮಕ್ಕೆ ಹತ್ತಿರ. ಆಮೇಲೆ ಟೇಪ್ ಅಂಟಿಸಿ ಅಂಟಿಸಿ ಮೇಲಿನ ಪದರ ಕೀಳುತ್ತಾರೆ. ಕೊನೆಗೆ ಸೈನೋಅಕ್ರಿಲೇಟ್ ಅಂಟು ಹಾಕಿ ಎಳೆದರೆ ಗುಣಿಯೊಳಗಿನದು ಅಚ್ಚಿನಂತೆ ಹೊರಬರುತ್ತದೆ. ಎರಡನ್ನೂ ಬೇರೆ ಬೇರೆ ಅಳೆಯುತ್ತಾರೆ. ಕತ್ತರಿಸಿ ತಂದ ಕಿವಿಯಲ್ಲಿ ಕೂದಲು ತಾನಾಗಿ ಅಲುಗುವುದಿಲ್ಲ. ಅದಕ್ಕೇ ಹಚ್ಚಿದ ಮೇಲೆ ಕೆಲವು ನಿಮಿಷ ಕೈಯಿಂದ ತಿಕ್ಕುತ್ತಾರೆ. ಉತ್ತರದಲ್ಲಿ ಈ ತಿಕ್ಕುವ ಹಂತ ಬಿಡಬೇಡಿ, ಕಾರಣವನ್ನೂ ಬರೆಯಿರಿ.