ಸದ್ದಡಗಿದ ಕಂಪ್ಯೂಟರಿಗೆ ಬೇಕಿದ್ದದ್ದು ದುಭಾಷಿ

ಮಂಡ್ಯದ ನಮ್ಮ ಮನೆಯ ನಡುಮನೆಯಲ್ಲಿ ಹಳೆಯ ಡೆಸ್ಕ್‌ಟಾಪ್ ಒಂದಿದೆ. ಅಜ್ಜಿ ಹಾಡಿದ ಸೋಬಾನೆ ಪದಗಳೆಲ್ಲ ಇರುವುದು ಅದರಲ್ಲೇ. ವಿಂಡೋಸ್ 7 ತೆಗೆಸಿ 10 ಹಾಕಿಸಿದ ದಿನವೇ ಅದರ ದನಿ ಅಡಗಿತು. ಸ್ಪೀಕರ್ ಚಿತ್ರದ ಮೇಲೆ ಕೆಂಪು ಅಡ್ಡಗೆರೆಗಳು. ರಿಪೇರಿಯವರು ನೋಡಿ, "ಬೋರ್ಡೇ ಹೋಗ್ಬುಟ್ಟದೆ, ಹೊಸ್ದು ತಗಳಿ" ಅಂದರು. ಬೋರ್ಡು ಹೋಗಿರಲಿಲ್ಲ.

ಡಿಸ್ಕಿನಲ್ಲಿರುವ ಹಾಡೆಂದರೆ ಬರೀ ಅಂಕಿಗಳು. ಸಿಡಿ ಗುಣಮಟ್ಟದಲ್ಲಿ ಒಂದು ಸೆಕೆಂಡಿನ ದನಿಯನ್ನು 44,100 ಸಲ ಅಳೆಯುತ್ತಾರೆ. ಪ್ರತಿ ಅಳತೆಯೂ 65,536 ಮೆಟ್ಟಿಲುಗಳಲ್ಲಿ ಒಂದರ ಮೇಲೆ ಕೂರುತ್ತದೆ. ನಮ್ಮ ಕಿವಿಯ ಮಿತಿ ಸುಮಾರು 20,000 ಹರ್ಟ್ಸ್. ಕಂಪನವೊಂದನ್ನು ಹಿಡಿಯಲು ಎರಡಕ್ಕಿಂತ ಹೆಚ್ಚು ಅಳತೆ ಬೇಕು, ಅದಕ್ಕೇ ಅಷ್ಟು ದೊಡ್ಡ ಸಂಖ್ಯೆ. ಈ ಅಂಕಿಗಳನ್ನು ವಿದ್ಯುತ್ತಿನ ಏರಿಳಿತವಾಗಿಸುವುದು ಮದರ್‌ಬೋರ್ಡಿನ ಮೇಲಿರುವ, ಉಗುರಿನಷ್ಟಗಲದ ಕೋಡೆಕ್ ಚಿಪ್.

ಇಂಟೆಲ್ 1997ರಲ್ಲಿ ಎಸಿ'97, 2004ರಲ್ಲಿ ಎಚ್‌ಡಿ ಆಡಿಯೋ ಎಂದು ಕಂಪ್ಯೂಟರಿನ ದನಿಗೆ ಮಾನದಂಡಗಳನ್ನು ತಂದಿತು. ಆದರೂ ಚಿಪ್ಪಿನ ಯಾವ ಕಾಲು ಯಾವ ಜ್ಯಾಕಿಗೆ ಹೋಗುತ್ತದೆ, ಯಾವ ಆಂಪ್ಲಿಫೈಯರ್ ತೆರೆಯಬೇಕು ಎಂಬುದು ಚಿಪ್‌ನಿಂದ ಚಿಪ್ಪಿಗೆ, ಬೋರ್ಡಿನಿಂದ ಬೋರ್ಡಿಗೆ ಬೇರೆ. ಆ ಗುಟ್ಟು ಬಲ್ಲ ದುಭಾಷಿಯೇ ಡ್ರೈವರ್ ಎಂಬ ತಂತ್ರಾಂಶ. ಅದಿಲ್ಲದಿದ್ದರೆ ವಿಂಡೋಸ್ ಹೇಳಿದ್ದು ಚಿಪ್ಪಿಗೆ ತಿಳಿಯುವುದಿಲ್ಲ.

ನಾನು ಮೊದಲು ಹಿಂಬದಿಯ ಹಸಿರು ಜ್ಯಾಕಿಗೆ ಬೇರೆ ಹೆಡ್‌ಫೋನ್ ಹಾಕಿ ನೋಡಿದೆ. ಆಮೇಲೆ ಕಂಪ್ಯೂಟರಿನ ಸಾಧನಗಳನ್ನೆಲ್ಲ ಪಟ್ಟಿಮಾಡಿ ತೋರಿಸುವ ಡಿವೈಸ್ ಮ್ಯಾನೇಜರ್ ತೆರೆದೆ. ಅಲ್ಲಿ ಆಡಿಯೋ ಸಾಧನದ ಸುಳಿವೇ ಇಲ್ಲದಿದ್ದರೆ, ವಿಂಡೋಸ್‌ಗೂ ಮೊದಲು ಏಳುವ ಬಯಾಸ್ ಎಂಬ ಮೂಲ ತಂತ್ರಾಂಶದಲ್ಲಿ ಆನ್‌ಬೋರ್ಡ್ ಆಡಿಯೋ ಬಂದ್ ಆಗಿದೆಯೇ ಎಂದು ನೋಡಬೇಕು. ನಮ್ಮದರಲ್ಲಿ ಹಳದಿ ಎಚ್ಚರಿಕೆ ಗುರುತು ಇತ್ತು. ಅಂದರೆ ಚಿಪ್ ಬದುಕಿದೆ, ಮಾತನಾಡಿಸುವವರಿಲ್ಲ. ಪ್ರಾಪರ್ಟೀಸ್‌ನ ಡೀಟೇಲ್ಸ್‌ನಲ್ಲಿ ಚಿಪ್ಪಿನ ಗುರುತು ಹೇಳುವ ಹಾರ್ಡ್‌ವೇರ್ ಐಡಿ ಸಿಕ್ಕಿತು. ವೆಂಡರ್ '10ಇಸಿ' ಎಂದರೆ ರಿಯಲ್‌ಟೆಕ್ ಕಂಪನಿ, ಡಿವೈಸ್ '0662' ಎಂದರೆ ಎಎಲ್‌ಸಿ 662. ಅಗ್ಗದ ಬೋರ್ಡುಗಳಲ್ಲಿ ಬಹಳ ಬಳಕೆಯಾದ ಚಿಪ್ ಅದು.

ಚಿಪ್ಪಿನ ಹೆಸರು ಗೊತ್ತಾಯಿತೆಂದರೆ ಅರ್ಧ ಕೆಲಸ ಮುಗಿದಂತೆ. ಹಳೆಯ ಡ್ರೈವರನ್ನು ಅದರ ಕಡತಗಳ ಸಮೇತ ಅನ್‌ಇನ್‌ಸ್ಟಾಲ್ ಮಾಡಿ, ರೀಸ್ಟಾರ್ಟ್ ಮಾಡಿ, ಬೋರ್ಡ್ ತಯಾರಕರ ತಾಣದಿಂದಲೇ ಹೊಸದನ್ನು ತಂದು ಹಾಕಿದೆ. ಅದೂ ಒಗ್ಗದಿದ್ದರೆ ವಿಂಡೋಸ್ ಜೊತೆಗೇ ಬರುವ 'ಹೈ ಡೆಫಿನಿಷನ್ ಆಡಿಯೋ ಡಿವೈಸ್' ಎಂಬ ಸಾಮಾನ್ಯ ಡ್ರೈವರ್ ಆರಿಸಿಕೊಳ್ಳಬಹುದು. ಎಲ್ಲ ಡ್ರೈವರನ್ನೂ ಒಂದೇ ಕ್ಲಿಕ್ಕಿನಲ್ಲಿ ಸರಿಮಾಡುತ್ತೇವೆ ಎನ್ನುವ ಅನಾಮಿಕ ತಂತ್ರಾಂಶಗಳನ್ನು ಮಾತ್ರ ದಯವಿಟ್ಟು ಮುಟ್ಟಬೇಡಿ. ಡ್ರೈವರುಗಳು ಸಾಮಾನ್ಯವಾಗಿ ಕೆಲಸ ಮಾಡುವುದು ವಿಂಡೋಸ್‌ನ ತಿರುಳಾದ ಕರ್ನೆಲ್‌ನಲ್ಲಿ, ಮನೆಗೆ ಹೋಲಿಸಿದರೆ ದೇವರಕೋಣೆಯಲ್ಲಿ. ಅಲ್ಲಿಗೆ ಅಪರಿಚಿತರನ್ನು ಬಿಟ್ಟುಕೊಳ್ಳುತ್ತೇವೆಯೇ?

ಹಿಂಬದಿಯಲ್ಲಿ ಸದ್ದು ಬಂತು, ಮುಂಬದಿಯ ಜ್ಯಾಕ್ ಮಾತ್ರ ಮೌನ. ಹಳೆಯ ಕ್ಯಾಬಿನೆಟ್ಟಿನ ಎಸಿ'97 ತಂತಿಗೆ, ಹೆಡ್‌ಫೋನಿನ ಪಿನ್ ಒಳಗೆ ಬಂತೆಂದು ತಿಳಿಸುವ ಎಳೆಯೇ ಇರುವುದಿಲ್ಲ. ಹಾಗಾಗಿ ಚಿಪ್ ಅಲ್ಲಿ ಏನೂ ಇಲ್ಲವೆಂದೇ ನಂಬಿತ್ತು. ಡ್ರೈವರ್ ಜೊತೆ ಬಂದ ರಿಯಲ್‌ಟೆಕ್ ಪ್ಯಾನೆಲ್ಲಿನಲ್ಲಿ ಮುಂಬದಿಯ ಜ್ಯಾಕ್ ಪತ್ತೆಯನ್ನು ನಾನೇ ನಿಲ್ಲಿಸಿದೆ.

ಅಮ್ಮನ ಕಿವಿಗೆ ಹೆಡ್‌ಫೋನ್ ಇಟ್ಟೆ. ಎರಡನೇ ಪದದ ನಡುವೆ ಅಜ್ಜಿ ಕೆಮ್ಮಿ, "ಇದ್ನೂ ಹಿಡ್ಕತಾ ಅದಾ?" ಎಂದು ಕೇಳುವುದು ಅಮ್ಮನಿಗೆ ಸ್ಪಷ್ಟವಾಗಿ ಕೇಳಿಸಿತು.