ಯೂರಿಯಾ, ನಿಕಲ್ ಮತ್ತು ವಿದ್ಯುತ್ತಿನ ಲೆಕ್ಕ

ವಯಸ್ಕರೊಬ್ಬರ ಮೂತ್ರದಲ್ಲಿ ದಿನಕ್ಕೆ ಸುಮಾರು 20ರಿಂದ 30 ಗ್ರಾಂ ಯೂರಿಯಾ ಹೊರಗೆ ಹೋಗುತ್ತದೆ. ಈ ಯೂರಿಯಾ ಆಕ್ಸಿಜನ್ ಜೊತೆ ಪೂರ್ತಿಯಾಗಿ ವರ್ತಿಸಿ ನೈಟ್ರೋಜನ್, ಕಾರ್ಬನ್ ಡೈಆಕ್ಸೈಡ್ ಮತ್ತು ನೀರಾದರೆ ಕಿಲೋ ಒಂದಕ್ಕೆ ಹೆಚ್ಚೆಂದರೆ ಮೂರು ಯೂನಿಟ್ ವಿದ್ಯುತ್ ಹುಟ್ಟಬಹುದು. ಒಬ್ಬರ ಒಂದು ದಿನದ 20 ಗ್ರಾಂನಲ್ಲಿರುವುದು 60 ವ್ಯಾಟ್-ಗಂಟೆ. ಹತ್ತು ವ್ಯಾಟ್‌ನ ಎಲ್‌ಇಡಿ ಬಲ್ಬು ಆರು ಗಂಟೆ ಉರಿಯುವಷ್ಟು. ‘ಮೂತ್ರದಿಂದ ಕರೆಂಟು’ ಎಂಬ ಸುದ್ದಿಗಳ ಹಿಂದೆ ಇರುವುದು ಇದೇ ಲೆಕ್ಕ, ಮತ್ತು ಲೆಕ್ಕ ತಪ್ಪೇನೂ ಅಲ್ಲ. ಆದರೆ ಆ ಶಕ್ತಿಯನ್ನು ಹೊರಗೆ ತೆಗೆಯುವ ಕೆಲಸಕ್ಕೆ ನಾವು ನಿಕಲ್ಲನ್ನು ನೇಮಿಸಿದ ಕೂಡಲೇ ಲೆಕ್ಕದ ದಿಕ್ಕೇ ಬದಲಾಗುತ್ತದೆ. ಎಲೆಕ್ಟ್ರೋಡ್‌ಗಳ ಜೊತೆ ಕೆಲಸ ಮಾಡುವವನಾಗಿ ನನಗೆ ಈ ವಿಷಯದಲ್ಲಿ ತುಂಬ ಭರವಸೆ ಇದೆ. ಆದರೆ ಆ ಭರವಸೆ ಸುದ್ದಿಗಳು ತೋರಿಸುವ ಕಡೆ ಇಲ್ಲ.

ಮೊದಲು ನಿಕಲ್ ಯಾಕೆ ಎಂಬುದನ್ನು ನೋಡೋಣ. ಯೂರಿಯಾ ಹಠಮಾರಿ ಅಣು. ಅದು ತಟಸ್ಥವಾದದ್ದು, ನೀರಿನಲ್ಲಿ ಚೆನ್ನಾಗಿ ಕರಗಿ ಸುಮ್ಮನೆ ಕೂರುತ್ತದೆ. ಅದರಿಂದ ಆರು ಎಲೆಕ್ಟ್ರಾನ್‌ಗಳನ್ನು ಕಿತ್ತರೆ ಮಾತ್ರ ನೈಟ್ರೋಜನ್ ಅನಿಲವಾಗಿ ಬಿಡುಗಡೆಯಾಗುತ್ತದೆ. ದುಬಾರಿಯಾದ ಪ್ಲಾಟಿನಂ ಕೂಡ ಈ ಕೆಲಸದಲ್ಲಿ ಹಿಂದೆ ಬೀಳುತ್ತದೆ. ಕ್ಷಾರದಲ್ಲಿ ಮುಳುಗಿಸಿದ ನಿಕಲ್ ಮಾತ್ರ ಚುರುಕಾಗಿ ಮಾಡುತ್ತದೆ. ಅಮೆರಿಕದ ಓಹಾಯೋ ವಿಶ್ವವಿದ್ಯಾಲಯದಲ್ಲಿ ಜೆರಾರ್ಡೀನ್ ಬೊಟ್ಟೆ ಅವರ ತಂಡ 2009ರಲ್ಲಿ ಇದನ್ನು ತೋರಿಸಿದ ಮೇಲೆ ಈ ಕ್ಷೇತ್ರ ಬೆಳೆಯಿತು. ಅವರು ಮಾಡಿದ್ದು ವಿದ್ಯುತ್ ಉತ್ಪಾದನೆಯಲ್ಲ, ವಿದ್ಯುದ್ವಿಭಜನೆ. ವಿದ್ಯುತ್ ಕೊಟ್ಟು ಯೂರಿಯಾ ಒಡೆದು ಹೈಡ್ರೋಜನ್ ಪಡೆಯುವುದು. ಯೂರಿಯಾವನ್ನೇ ಇಂಧನವಾಗಿ ಹಾಕಿ ವಿದ್ಯುತ್ ತೆಗೆಯುವ ಇಂಧನ ಕೋಶದ ವರದಿಯನ್ನು ರೋಂಗ್ ಲಾನ್, ಷಾನ್ವೆನ್ ತಾವೊ ಮತ್ತು ಜಾನ್ ಇರ್ವಿನ್ 2010ರಲ್ಲಿ ಪ್ರಕಟಿಸಿದರು. ಎರಡೂ ಉಪಕರಣಗಳ ಆನೋಡಿನಲ್ಲಿ, ಅಂದರೆ ಎಲೆಕ್ಟ್ರಾನ್ ಕಿತ್ತುಕೊಳ್ಳುವ ಎಲೆಕ್ಟ್ರೋಡಿನಲ್ಲಿ, ನಡೆಯಬೇಕಾದ ಕ್ರಿಯೆ ಒಂದೇ. ಆದರೆ ಒಂದರಲ್ಲಿ ನಾವು ವಿದ್ಯುತ್ ಕೊಡುತ್ತೇವೆ, ಇನ್ನೊಂದರಲ್ಲಿ ಪಡೆಯಬೇಕು. ಸುದ್ದಿಗಳಲ್ಲಿ ಇವೆರಡೂ ಕಲಸಿಹೋಗುತ್ತವೆ.

ನಿಕಲ್ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಕಣ್ಣಾರೆ ನೋಡಬಹುದು. ಸ್ಪಂಜಿನಂತೆ ತೂತುತೂತಾದ ಬೂದುಬಣ್ಣದ ನಿಕಲ್ ಫೋಮ್ ತುಂಡೊಂದನ್ನು ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರದ ಒಂದು ಮೋಲಾರ್ (ಲೀಟರಿಗೆ ಸುಮಾರು 56 ಗ್ರಾಂ) ದ್ರಾವಣದಲ್ಲಿ ಇಳಿಬಿಟ್ಟು ವೋಲ್ಟೇಜನ್ನು ನಿಧಾನವಾಗಿ ಏರಿಸುತ್ತ ಹೋಗಿ. ಮೊದಲು ಏನೂ ಆಗುವುದಿಲ್ಲ. ಹೈಡ್ರೋಜನ್ ಎಲೆಕ್ಟ್ರೋಡಿಗೆ ಹೋಲಿಸಿ ಅಳೆದರೆ 1.35 ವೋಲ್ಟ್ ದಾಟುತ್ತಿದ್ದಂತೆ ಫೋಮ್ ಕಪ್ಪಾಗತೊಡಗುತ್ತದೆ. ಮೇಲ್ಮೈಯ ನಿಕಲ್ ಹೈಡ್ರಾಕ್ಸೈಡ್ ಒಂದು ಎಲೆಕ್ಟ್ರಾನ್ ಕಳೆದುಕೊಂಡು ನಿಕಲ್ ಆಕ್ಸಿಹೈಡ್ರಾಕ್ಸೈಡ್ ಆಗಿದೆ. ನಿಕಲ್ಲಿನ ವೇಲೆನ್ಸಿ, ಅಂದರೆ ಅದು ಬಿಟ್ಟುಕೊಟ್ಟ ಎಲೆಕ್ಟ್ರಾನ್‌ಗಳ ಎಣಿಕೆ, ಎರಡರಿಂದ ಮೂರಕ್ಕೆ ಏರಿದೆ. ಪರದೆಯ ಮೇಲೆ ಕರೆಂಟಿನ ಒಂದು ಸಣ್ಣ ಗುಡ್ಡ ಕಾಣುತ್ತದೆ, ವೋಲ್ಟೇಜ್ ಇಳಿಸುವಾಗ ಅದಕ್ಕೆ ಸರಿಯಾಗಿ ಒಂದು ತಗ್ಗು. ಈಗ ಅದೇ ದ್ರಾವಣಕ್ಕೆ ಮೂತ್ರದಲ್ಲಿರುವಷ್ಟೇ, ಅಂದರೆ 0.33 ಮೋಲಾರ್ ಯೂರಿಯಾ ಹಾಕಿ. ಅದೇ 1.35 ವೋಲ್ಟ್ ಹತ್ತಿರದಿಂದ ಕರೆಂಟು ಕಡಿದಾಗಿ ಏರುತ್ತದೆ, ಸಣ್ಣ ಗುಳ್ಳೆಗಳು ಏಳುತ್ತವೆ. ವೋಲ್ಟೇಜ್ ಇಳಿಸುವಾಗ ಬರಬೇಕಿದ್ದ ತಗ್ಗು ಕುಗ್ಗುತ್ತದೆ, ಕೆಲವೊಮ್ಮೆ ಕಾಣುವುದೇ ಇಲ್ಲ. ಮೂರು ವೇಲೆನ್ಸಿಯ ನಿಕಲ್ಲನ್ನು ಯೂರಿಯಾ ಆಗಲೇ ತಿಂದು ಮತ್ತೆ ಎರಡಕ್ಕೆ ಇಳಿಸಿಬಿಟ್ಟಿರುತ್ತದೆ. ವಿದ್ಯುತ್ತು ನಿಕಲ್ಲನ್ನು ಏರಿಸುತ್ತದೆ, ಯೂರಿಯಾ ಇಳಿಸುತ್ತದೆ, ಈ ಏರಿಳಿತದಲ್ಲಿ ಎಲೆಕ್ಟ್ರಾನ್‌ಗಳು ಹೊರಗಿನ ತಂತಿಗೆ ಬರುತ್ತವೆ. ಇಷ್ಟು ಸೊಗಸಾಗಿ, ಇಷ್ಟು ಸ್ಪಷ್ಟವಾಗಿ ತನ್ನ ಕೆಲಸವನ್ನು ತೋರಿಸಿಕೊಡುವ ವೇಗವರ್ಧಕಗಳು (ತಾವು ಖರ್ಚಾಗದೆ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತುಗಳು) ಹೆಚ್ಚಿಲ್ಲ.

ತೊಡಕು ಇರುವುದು ಆ 1.35ರಲ್ಲೇ. ಅದೇ ಅಳತೆಯಲ್ಲಿ ಆಕ್ಸಿಜನ್ ಕ್ಯಾಥೋಡ್, ಅಂದರೆ ಆಕ್ಸಿಜನ್ ಎಲೆಕ್ಟ್ರಾನ್ ಪಡೆಯುವ ಎದುರಿನ ಎಲೆಕ್ಟ್ರೋಡ್, ಮುಟ್ಟಬಹುದಾದ ಗರಿಷ್ಠ ಮಟ್ಟ 1.23 ವೋಲ್ಟ್. ಇಂಧನ ಕೋಶ ವಿದ್ಯುತ್ ಕೊಡಬೇಕಾದರೆ ಕ್ಯಾಥೋಡ್ ಮೇಲಿರಬೇಕು, ಆನೋಡ್ ಕೆಳಗಿರಬೇಕು. ಯೂರಿಯಾದ ಸ್ವಂತ ಮಟ್ಟ ತೀರ ಕೆಳಗಿದೆ, ಹಾಗಾಗಿಯೇ ಪುಸ್ತಕದ ಲೆಕ್ಕದಲ್ಲಿ ಸುಮಾರು 1.15 ವೋಲ್ಟಿನ ಕೋಶ ಸಿಗುತ್ತದೆ. ಆದರೆ ಕೆಲಸ ಮಾಡುವುದು ಯೂರಿಯಾ ಒಂದೇ ಅಲ್ಲ, ನಿಕಲ್ ಕೂಡ. ನಿಕಲ್ ತನ್ನ ಮೂರನೇ ವೇಲೆನ್ಸಿಗೆ ಏರಿದ ಮೇಲಷ್ಟೇ ಯೂರಿಯಾವನ್ನು ಮುಟ್ಟುವುದಾದರೆ ಆನೋಡ್ ಕ್ಯಾಥೋಡಿಗಿಂತ ಮೇಲೆಯೇ ಉಳಿಯುತ್ತದೆ. ಅಂಥ ಕೋಶ ವಿದ್ಯುತ್ ಕೊಡಲಾರದು. ಕ್ಷಾರ ಹೆಚ್ಚಿಸಿದರೂ ಪ್ರಯೋಜನವಿಲ್ಲ, ಎರಡೂ ಮಟ್ಟಗಳು ಒಟ್ಟಿಗೇ ಸರಿಯುತ್ತವೆ.

ಹಾಗಿದ್ದರೂ ನಿಕಲ್ ಆನೋಡಿನ ಯೂರಿಯಾ ಕೋಶಗಳಿಂದ ಕರೆಂಟು ಬಂದ ವರದಿಗಳು ಬೇಕಾದಷ್ಟಿವೆ. ಬರುವುದು ಚದರ ಸೆಂಟಿಮೀಟರಿಗೆ ಸಾಮಾನ್ಯವಾಗಿ ಕೆಲವೇ ಮಿಲಿವ್ಯಾಟ್. ಒಳ್ಳೆಯ ಹೈಡ್ರೋಜನ್ ಇಂಧನ ಕೋಶ ಅಷ್ಟೇ ಜಾಗದಲ್ಲಿ ಅದರ ನೂರಾರು ಪಟ್ಟು ಕೊಡುತ್ತದೆ. ಆ ಸ್ವಲ್ಪವೂ ಎಲ್ಲಿಂದ ಬಂತು ಎಂದು ನಾನು ಕೇಳುತ್ತೇನೆ. ಹೊಸದಾಗಿ ತಯಾರಿಸಿದ ನಿಕಲ್ ನ್ಯಾನೋ ಪುಡಿಯಲ್ಲಿ ಇರುವುದು ಲೋಹರೂಪದ ನಿಕಲ್. ಅದು ಕ್ಷಾರದಲ್ಲಿ ಹೈಡ್ರಾಕ್ಸೈಡ್ ಆಗುವಾಗ ತಾನೇ ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ, ಅದೂ ತೀರ ಕೆಳಗಿನ ಮಟ್ಟದಲ್ಲಿ. ಆಗ ಇಂಧನವಾಗಿ ಖರ್ಚಾಗುತ್ತಿರುವುದು ವೇಗವರ್ಧಕವೇ. ಯೂರಿಯಾ ಒಡೆದು ಬಂದ ಅಮೋನಿಯಾದ ಪಾಲೂ ಇರಬಹುದು. ಯೂರಿಯಾ ಇಲ್ಲದೆ ಅದೇ ಕೋಶವನ್ನು ನಡೆಸಿ ನೋಡಿದ್ದಾರೆಯೇ, ದಿನಗಟ್ಟಲೆ ನಡೆಸಿದ ಮೇಲೂ ಕರೆಂಟು ಉಳಿದಿದೆಯೇ, ಹೊರಬಂದ ನೈಟ್ರೋಜನ್ ಅಳೆದಿದ್ದಾರೆಯೇ? ಈ ಮೂರಕ್ಕೆ ಉತ್ತರ ಇಲ್ಲದ ವರದಿಯನ್ನು ನಾನು ಬದಿಗಿಡುತ್ತೇನೆ.

ಇನ್ನು ಕೆಲವರು ಕ್ಯಾಥೋಡ್ ಕಡೆ ಆಕ್ಸಿಜನ್ ಬದಲು ಆಮ್ಲ ಬೆರೆಸಿದ ಹೈಡ್ರೋಜನ್ ಪೆರಾಕ್ಸೈಡ್ ಬಳಸುತ್ತಾರೆ. ವೋಲ್ಟೇಜ್ ಚೆನ್ನಾಗಿ ಏರುತ್ತದೆ. ಏರದೆ ಏನು? ಒಂದು ಕಡೆ ಗಟ್ಟಿ ಆಮ್ಲ, ಇನ್ನೊಂದು ಕಡೆ ಗಟ್ಟಿ ಕ್ಷಾರ ಇಟ್ಟರೆ ಅವೆರಡರ ನಡುವಿನ ವ್ಯತ್ಯಾಸದಿಂದಲೇ 0.8 ವೋಲ್ಟಿನಷ್ಟು ಸಿಗುತ್ತದೆ. ಪೆರಾಕ್ಸೈಡ್ ತನ್ನದನ್ನೂ ಸೇರಿಸುತ್ತದೆ. ಆಮ್ಲ, ಕ್ಷಾರ, ಪೆರಾಕ್ಸೈಡ್ ಮೂರನ್ನೂ ಕಾರ್ಖಾನೆಯಿಂದ ಕೊಂಡು ತಂದು ಸುರಿದು, ಬಂದ ವಿದ್ಯುತ್ತನ್ನು ಮೂತ್ರದ ಖಾತೆಗೆ ಜಮೆ ಮಾಡುವುದು ಸರಿಯಲ್ಲ.

ಬೊಟ್ಟೆ ತಂಡ ಹಿಡಿದ ದಾರಿ ನನಗೆ ಹೆಚ್ಚು ಗಟ್ಟಿ ಎನಿಸುವುದು ಇದೇ ಕಾರಣಕ್ಕೆ. ನೀರನ್ನು ಒಡೆದು ಹೈಡ್ರೋಜನ್ ಮಾಡುವಾಗ ಆನೋಡಿನಲ್ಲಿ ಆಕ್ಸಿಜನ್ ಬಿಡಿಸುವುದೇ ಕಷ್ಟದ ಕೆಲಸ. ಆ ಜಾಗದಲ್ಲಿ ಯೂರಿಯಾ ಕೂರಿಸಿದರೆ ವೋಲ್ಟೇಜ್ ಇಳಿಯುತ್ತದೆ. ಯೂರಿಯಾ ವಿಭಜನೆಗೆ ಬೇಕಾದ ಕನಿಷ್ಠ ವೋಲ್ಟೇಜ್ 0.37 ಎಂದು ಪ್ರಬಂಧಗಳಲ್ಲಿ ಬರೆಯುತ್ತಾರೆ. ಹೊರಬರುವುದು ಕಾರ್ಬನ್ ಡೈಆಕ್ಸೈಡ್ ಅನಿಲ ಎಂದು ಹಿಡಿದು ಲೆಕ್ಕ ಮಾಡಿದರೆ 0.1ಕ್ಕಿಂತಲೂ ಕಡಿಮೆ. ಯಾವುದನ್ನು ಹಿಡಿದರೂ ನಿಕಲ್ ಇರುವ ತನಕ ವಾಸ್ತವದಲ್ಲಿ ನಡೆಯುವುದು 1.4 ವೋಲ್ಟಿನ ಆಸುಪಾಸಿನಲ್ಲಿ. ಇದನ್ನು ನೀರಿನ ವಿಭಜನೆಗೆ ವಾಡಿಕೆಯಾದ 1.9 ವೋಲ್ಟಿಗೆ ಹೋಲಿಸಿ. ಒಂದು ಕಿಲೋ ಹೈಡ್ರೋಜನ್ನಿಗೆ 1.9 ವೋಲ್ಟಿನಲ್ಲಿ ಸುಮಾರು 50 ಯೂನಿಟ್ ಬೇಕು, 1.4ರಲ್ಲಿ ಸುಮಾರು 37. ಆ ಹೈಡ್ರೋಜನ್ನನ್ನು ಇಂಧನ ಕೋಶಕ್ಕೆ ಹಾಕಿದರೆ ವಾಪಸು ಬರುವುದು ಅಜಮಾಸು 17 ಯೂನಿಟ್. ಆದ್ದರಿಂದ ಇದೂ ವಿದ್ಯುತ್ ಉತ್ಪಾದನೆ ಅಲ್ಲ. ಆದರೆ ಹೈಡ್ರೋಜನ್ ಹೇಗೂ ಬೇಕು, ಯೂರಿಯಾವನ್ನು ನೀರಿನಿಂದ ಹೇಗೂ ತೆಗೆಯಬೇಕು ಎನ್ನುವ ಜಾಗದಲ್ಲಿ ಎರಡೂ ಕೆಲಸ ಒಂದೇ ವಿದ್ಯುತ್ತಿನಲ್ಲಿ ಮುಗಿಯುತ್ತವೆ. ಉಳಿತಾಯ ಇರುವುದು ಅಲ್ಲಿ.

ವೇಗವರ್ಧಕಗಳ ಪಟ್ಟಿ ದಿನೇದಿನೇ ಉದ್ದವಾಗುತ್ತಿದೆ: ನಿಕಲ್-ಕೋಬಾಲ್ಟ್, ನಿಕಲ್-ಕಬ್ಬಿಣ, ನಿಕಲ್-ಮಾಲಿಬ್ಡಿನಂ, ನಿಕಲ್ ಫಾಸ್ಫೈಡ್, ಸಲ್ಫೈಡ್, ನೈಟ್ರೈಡ್. ಇವುಗಳಲ್ಲಿ ಬಹಳಷ್ಟು ಆನೋಡಿನ ವೋಲ್ಟೇಜ್ ತಾಗಿದ ಮೇಲೆ ಮೇಲ್ಮೈಯಲ್ಲಿ ಅದೇ ಆಕ್ಸಿಹೈಡ್ರಾಕ್ಸೈಡ್ ಆಗಿ ಬದಲಾಗುತ್ತವೆ. ಫಾಸ್ಫೈಡ್ ಅಂತ ಹೆಸರಿಟ್ಟು ಬೀಕರಿಗೆ ಇಳಿಸಿದ್ದು ಕೆಲಸ ಮಾಡುವ ಹೊತ್ತಿಗೆ ಫಾಸ್ಫೈಡ್ ಆಗಿ ಉಳಿದಿರುವುದಿಲ್ಲ. ಕೋಬಾಲ್ಟ್ ಸೇರಿಸಿದರೆ ನಿಕಲ್ ಏರುವ ಮಟ್ಟ ಕೊಂಚ ಕೆಳಗಿಳಿಯುತ್ತದೆ, ಇದು ನಿಜವಾದ ಲಾಭ. ಕಬ್ಬಿಣ ಸೇರಿಸುವಾಗ ಎಚ್ಚರ ಬೇಕು, ಅದು ಆಕ್ಸಿಜನ್ ಬಿಡಿಸುವ ಕ್ರಿಯೆಯನ್ನೂ ಚುರುಕುಗೊಳಿಸುತ್ತದೆ, ಆಗ ಕರೆಂಟು ಏರಿದ್ದು ಯೂರಿಯಾದಿಂದಲೋ ನೀರಿನಿಂದಲೋ ತಿಳಿಯುವುದಿಲ್ಲ. 1.35ರ ಗೋಡೆಯನ್ನು ನಿಜವಾಗಿ ಕೆಳಗೆ ತರಬಲ್ಲ, ಮೂರನೇ ವೇಲೆನ್ಸಿಗೆ ಏರದೆಯೇ ಯೂರಿಯಾ ಒಡೆಯಬಲ್ಲ ಮೇಲ್ಮೈ ಸಿಕ್ಕಿದ ದಿನ ನೇರ ವಿದ್ಯುತ್ತಿನ ಮಾತು ಮತ್ತೆ ತೆರೆಯುತ್ತದೆ. ಅದಕ್ಕಾಗಿ ಪಡುವ ಶ್ರಮವೆಲ್ಲ ಸಾರ್ಥಕ. ಹತ್ತಿಪ್ಪತ್ತು ಮಿಲಿವೋಲ್ಟ್ ಕಡಿಮೆ ಮಾಡಿದ ಹೊಸ ಹೆಸರಿನ ಪುಡಿಗಳ ಬಗ್ಗೆ ನನಗೆ ಆ ಉತ್ಸಾಹ ಇಲ್ಲ.

ಕರೆಂಟಿಗಿಂತ ಹೆಚ್ಚು ಚಿಂತೆ ಮಾಡಬೇಕಾದದ್ದು ಏನು ಹೊರಬರುತ್ತಿದೆ ಎಂಬುದರ ಬಗ್ಗೆ. ಸಮೀಕರಣದಲ್ಲಿ ನೈಟ್ರೋಜನ್ ಅನಿಲ ಎಂದು ಬರೆದುಬಿಡುತ್ತೇವೆ. 2021ರ ಸುಮಾರಿಗೆ ದ್ರಾವಣವನ್ನು ಸರಿಯಾಗಿ ವಿಶ್ಲೇಷಿಸಿ ನೋಡಿದ ಕೆಲಸಗಳು ಬೇರೆಯದನ್ನೇ ತೋರಿಸಿದವು: ನಿಕಲ್ ಮೇಲೆ ಯೂರಿಯಾದ ನೈಟ್ರೋಜನ್‌ನ ದೊಡ್ಡ ಪಾಲು ಅತಿಯಾಗಿ ಉತ್ಕರ್ಷಣಗೊಂಡು ನೈಟ್ರೈಟ್ ಆಗುತ್ತದೆ, ಸಯನೇಟ್ ಕೂಡ ಹುಟ್ಟುತ್ತದೆ. ನೈಟ್ರೈಟ್ ಯೂರಿಯಾಕ್ಕಿಂತ ಕೆಟ್ಟದ್ದು. ಕುಡಿಯುವ ನೀರಿಗೆ ಸೇರಿದರೆ ರಕ್ತ ಆಮ್ಲಜನಕ ಹೊರುವ ಶಕ್ತಿಯನ್ನೇ ಕುಂದಿಸುತ್ತದೆ, ಎಳೆಯ ಶಿಶುಗಳಿಗೆ ವಿಶೇಷವಾಗಿ ಅಪಾಯ. ನೀರು ಶುದ್ಧಿ ಮಾಡುತ್ತೇವೆಂದು ಹೊರಟು ನೈಟ್ರೈಟ್ ಬಿಡುವುದು ನನ್ನ ಮಟ್ಟಿಗೆ ಒಪ್ಪಲಾಗದ ಮಾತು. ಯೂರಿಯಾ ಎಷ್ಟು ಕಡಿಮೆಯಾಯಿತು ಎಂದು ಹೇಳಿದರೆ ಸಾಲದು, ಹೋದ ನೈಟ್ರೋಜನ್ ಯಾವ್ಯಾವ ರೂಪದಲ್ಲಿ ಎಷ್ಟೆಷ್ಟು ಬಂತು ಎಂಬ ಪೂರ್ತಿ ಲೆಕ್ಕ ಕೊಡಬೇಕು.

ಕ್ಷಾರದ ಖರ್ಚೂ ಹಾಗೆಯೇ ಮರೆತುಹೋಗುವ ಸಂಗತಿ. ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಬರೀ ಮಾಧ್ಯಮ, ಅದು ಖರ್ಚಾಗುವುದಿಲ್ಲ ಎಂದು ಭಾವಿಸುತ್ತಾರೆ. ಆದರೆ ಕ್ಷಾರದಲ್ಲಿ ಹುಟ್ಟಿದ ಕಾರ್ಬನ್ ಡೈಆಕ್ಸೈಡ್ ಗುಳ್ಳೆಯಾಗಿ ಹೊರಗೆ ಹೋಗುವುದಿಲ್ಲ, ಕಾರ್ಬೋನೇಟ್ ಆಗಿ ಅಲ್ಲೇ ಉಳಿಯುತ್ತದೆ. ಯೂರಿಯಾದ ಒಂದು ಅಣುವಿಗೆ ಎರಡು ಹೈಡ್ರಾಕ್ಸೈಡ್ ಹೀಗೆ ನಷ್ಟ. ತೂಕಕ್ಕೆ ಪರಿವರ್ತಿಸಿದರೆ ಒಂದು ಕಿಲೋ ಯೂರಿಯಾಕ್ಕೆ ಸುಮಾರು 1.9 ಕಿಲೋ ಪೊಟ್ಯಾಶಿಯಂ ಹೈಡ್ರಾಕ್ಸೈಡ್! ಅದೂ ವಿದ್ಯುತ್ ಸುರಿದು ತಯಾರಿಸುವ ರಾಸಾಯನಿಕವೇ. ಯಾವುದೇ ಯೋಜನಾ ವರದಿ ನನ್ನ ಮುಂದೆ ಬಂದರೆ ನಾನು ಮೊದಲು ಹುಡುಕುವುದು ಈ ಸಾಲನ್ನು.

ಇಷ್ಟೂ ಶುದ್ಧ ಯೂರಿಯಾ ದ್ರಾವಣದ ಮಾತು. ನಿಜವಾದ ಮೂತ್ರದಲ್ಲಿ ಕ್ಲೋರೈಡ್ ಇದೆ, ಅದು ನಿಕಲ್ಲನ್ನು ಕೊರೆಯುತ್ತದೆ. ಫಾಸ್ಫೇಟ್, ಕ್ಯಾಲ್ಸಿಯಂ, ಮೆಗ್ನೀಸಿಯಂ ಇವೆ, ಕ್ಷಾರ ಬೆರೆಸಿದೊಡನೆ ಹರಳುಗಟ್ಟಿ ಕೊಳವೆ ಮತ್ತು ಪೊರೆಗಳನ್ನು ಕಟ್ಟಿಹಾಕುತ್ತವೆ. ಇವಕ್ಕಿಂತ ದೊಡ್ಡ ಶತ್ರು ಯೂರಿಯೇಸ್ ಎಂಬ ಕಿಣ್ವ. ಜೇಮ್ಸ್ ಸಮ್ನರ್ 1926ರಲ್ಲಿ ಹರಳಾಗಿ ಪಡೆದ, ಕಿಣ್ವವೂ ಪ್ರೋಟೀನೇ ಎಂದು ತೋರಿಸಿಕೊಟ್ಟ ಅದೇ ಯೂರಿಯೇಸ್. ಅದರ ಹೃದಯದಲ್ಲಿ ಇರುವುದೂ ನಿಕಲ್ಲೇ ಎಂದು 1975ರಲ್ಲಿ ಗೊತ್ತಾಯಿತು. ಕೊಳವೆ, ತೊಟ್ಟಿಗಳಲ್ಲಿ ಮನೆಮಾಡಿದ ಬ್ಯಾಕ್ಟೀರಿಯಾಗಳು ಈ ಕಿಣ್ವದಿಂದ ಯೂರಿಯಾವನ್ನು ಅಮೋನಿಯಾ ಮತ್ತು ಬೈಕಾರ್ಬೋನೇಟ್ ಮಾಡಿಬಿಡುತ್ತವೆ, ಒಂದು ಎಲೆಕ್ಟ್ರಾನನ್ನೂ ಹೊರಗೆ ಬಿಡದೆ. ಮೂತ್ರ ಸಂಗ್ರಹಿಸಿಟ್ಟ ತೊಟ್ಟಿಯ ಘಾಟು ವಾಸನೆ ಆ ಕೆಲಸದ ಗುರುತು. ಚರಂಡಿಯ ಉದ್ದಕ್ಕೂ ಹರಿದು ಸಂಸ್ಕರಣಾ ಘಟಕ ಮುಟ್ಟುವಷ್ಟರಲ್ಲಿ ಯೂರಿಯಾ ಬಹುಪಾಲು ಮುಗಿದಿರುತ್ತದೆ. ಮನೆಗಳ ಕೊಳಚೆ ನೀರಿನಲ್ಲಿ ಮೂತ್ರದ ಪಾಲು ನೂರಕ್ಕೆ ಒಂದರಷ್ಟು, ನೈಟ್ರೋಜನ್‌ನ ಪಾಲು ಮಾತ್ರ ನೂರಕ್ಕೆ ಎಂಬತ್ತರ ಹತ್ತಿರ. ಹಾಗಾಗಿ ಈ ತಂತ್ರಕ್ಕೆ ಜಾಗ ಇರುವುದು ಮೂತ್ರವನ್ನು ಬೇರೆಯಾಗಿಯೇ ಹಿಡಿದು, ಒಡೆಯುವ ಮೊದಲೇ ಕ್ಷಾರ ಸೇರಿಸಿ ಕಿಣ್ವವನ್ನು ಸುಮ್ಮನಾಗಿಸಬಲ್ಲ ಕಡೆಗಳಲ್ಲಿ. ನಗರದ ದೊಡ್ಡ ಘಟಕದಲ್ಲಿ ಅಲ್ಲ.

ಇಲ್ಲಿ ಇನ್ನೊಂದು ಗೊಂದಲ ಬಿಡಿಸಬೇಕು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿರುವ ವೆಸ್ಟ್ ಆಫ್ ಇಂಗ್ಲೆಂಡ್ ವಿಶ್ವವಿದ್ಯಾಲಯದ ತಂಡ 2015ರಲ್ಲಿ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಮೂತ್ರದಿಂದ ದೀಪ ಬೆಳಗಿಸಿತ್ತು. ಅಲ್ಲಿ ಕೆಲಸ ಮಾಡಿದ್ದು ಸೂಕ್ಷ್ಮಜೀವಿಗಳು, ಅವು ಬಳಸಿಕೊಂಡದ್ದು ಮೂತ್ರದ ಸಾವಯವ ಪದಾರ್ಥ. ನಿಕಲ್ಲಿಗೂ ಅದಕ್ಕೂ ಸಂಬಂಧವಿಲ್ಲ.

ಯೂರಿಯಾ ಗೊಬ್ಬರದ ಕಾರ್ಖಾನೆಗಳ ತ್ಯಾಜ್ಯನೀರು ನೋಡುವುದಕ್ಕೆ ಒಳ್ಳೆಯ ಅಭ್ಯರ್ಥಿ. ಅದರಲ್ಲಿ ಕ್ಲೋರೈಡ್ ಕಾಟ ಕಡಿಮೆ, ಯೂರಿಯಾ ನಿರಂತರವಾಗಿ ಬರುತ್ತಿರುತ್ತದೆ. ಆದರೆ ಅಲ್ಲಿ ಈಗಾಗಲೇ ಇನ್ನೂರು ಡಿಗ್ರಿಯ ಆಸುಪಾಸಿನಲ್ಲಿ ಹಬೆ ಹಾಯಿಸಿ ಯೂರಿಯಾವನ್ನು ಅಮೋನಿಯಾ ಆಗಿ ಒಡೆದು ಮತ್ತೆ ಉತ್ಪಾದನೆಗೇ ಸೇರಿಸುವ ಏರ್ಪಾಡು ಇದೆ. ಆ ಅಮೋನಿಯಾ ಅವರಿಗೆ ಕಚ್ಚಾ ಮಾಲು. ಅದನ್ನು ನೈಟ್ರೋಜನ್ ಅನಿಲ ಮಾಡಿ ಗಾಳಿಗೆ ಬಿಡಿ ಎಂದರೆ ಯಾರೂ ಕೇಳುವುದಿಲ್ಲ, ಕೇಳಬೇಕಾದದ್ದೂ ಇಲ್ಲ. ಗಾಳಿಯ ನೈಟ್ರೋಜನ್ನನ್ನು ಅಮೋನಿಯಾ ಮಾಡಲು ಜಗತ್ತು ಅಪಾರ ಶಕ್ತಿ ಸುರಿಯುತ್ತಿದೆ. ಮೂತ್ರವನ್ನು ಗೊಬ್ಬರವಾಗಿ ಹೊಲಕ್ಕೆ ಮುಟ್ಟಿಸಲು ಆಗುವ ಕಡೆ ನಾನು ಎಲೆಕ್ಟ್ರೋಡಿನ ಮಾತನ್ನೇ ಎತ್ತುವುದಿಲ್ಲ. ಹೊಲ ದೂರವಿದ್ದು, ನೈಟ್ರೋಜನ್ ತೆಗೆಯಲೇಬೇಕಾಗಿ, ಹೈಡ್ರೋಜನ್ನಿಗೂ ಪಕ್ಕದಲ್ಲೇ ಬಳಕೆ ಇರುವ ಕಡೆ ನಿಕಲ್ ಕೋಶ ಇಟ್ಟು ನೋಡಬಹುದು. ಅಲ್ಲಿ ಮೊದಲ ವಾರದ ವರದಿಯಲ್ಲಿ ನನಗೆ ಬೇಕಾಗುವ ಅಂಕಿಗಳು ಮೂರು: ಹೊರಬಂದ ನೀರಿನ ನೈಟ್ರೈಟ್, ಖರ್ಚಾದ ಕ್ಷಾರ, ಮತ್ತು ಆ ನೀರಿನಲ್ಲಿ ಕರಗಿಹೋದ ನಿಕಲ್.