ಗಾಳಿಯಲ್ಲಿ ಮರ ಕೊಯ್ದ ಊರು

ನೆದರ್‌ಲ್ಯಾಂಡ್ಸ್‌ನ ಆಮ್‌ಸ್ಟರ್‌ಡ್ಯಾಮ್ ಹತ್ತಿರ ಝಾನ್ ಎಂಬ ನದಿ ಇದೆ. ನೆಲ ಎಷ್ಟು ಸಪಾಟು ಅಂದರೆ, ನೀರಿನ ಸೆಳೆತದಿಂದ ಗಿರಣಿ ತಿರುಗಿಸುವ ಮಾತೇ ಇಲ್ಲ. ಗಾಳಿಗೆ ಮಾತ್ರ ಬರವಿಲ್ಲ. ಒಂದು ಕಾಲದಲ್ಲಿ ಈ ದಂಡೆಗಳಲ್ಲಿ ನೂರಾರು ಗಾಳಿಗಿರಣಿಗಳಿದ್ದವು. ಎಣ್ಣೆ, ಬಣ್ಣ, ಕಾಗದ, ಎಲ್ಲಕ್ಕೂ ಒಂದೊಂದು. ಆದರೆ ಊರಿನ ಹಣೆಬರಹ ಬದಲಿಸಿದ್ದು ಸಾಮಿಲ್.

ರೆಕ್ಕೆ ಗುಂಡಗೆ ಸುತ್ತುತ್ತದೆ, ಗರಗಸ ಮೇಲೆ ಕೆಳಗೆ ಆಡಬೇಕು. ಎರಡನ್ನೂ ಜೋಡಿಸುವುದು ಹೇಗೆ? ಕಾರ್ನೆಲಿಸ್ ಕಾರ್ನೆಲಿಸ್ಜೂನ್ ಎಂಬಾತ ದಾರಿ ಹುಡುಕಿ 1593ರಲ್ಲಿ ಪೇಟೆಂಟ್ ಪಡೆದ. ಗುಟ್ಟು ಇದ್ದದ್ದು ಕ್ರ್ಯಾಂಕ್‌ನಲ್ಲಿ, ಅಂದರೆ ಸೊಟ್ಟಗೆ ಬಗ್ಗಿಸಿದ ದಂಡದಲ್ಲಿ. ಹೊಲಿಗೆ ಮಷಿನ್ನಿನ ಚಕ್ರ ಸುತ್ತಿದರೆ ಸೂಜಿ ಏರಿ ಇಳಿಯುತ್ತದಲ್ವಾ, ಹಾಗೆ. ಚೌಕಟ್ಟಿನಲ್ಲಿ ಹಲವು ಗರಗಸ ಕಟ್ಟಿದರೆ ಒಂದೇ ಸಲಕ್ಕೆ ದಿಮ್ಮಿ ಹಲಗೆಗಳಾಗಿ ಬರುತ್ತದೆ. ನನಗೆ ತುಂಬಾ ಇಷ್ಟವಾದದ್ದು ಇನ್ನೊಂದು ಜಾಣತನ. ಚೌಕಟ್ಟು ಒಮ್ಮೆ ಆಡಿದಾಗಲೆಲ್ಲ ಹಲ್ಲುಚಕ್ರ ಒಂದಿಷ್ಟು ತಿರುಗಿ ದಿಮ್ಮಿಯನ್ನು ಮುಂದಕ್ಕೆ ಎಳೆಯುತ್ತದೆ. ಗಾಳಿ ಜಾಸ್ತಿಯಾದರೆ ಗರಗಸವೂ ಜೋರು, ದಿಮ್ಮಿಯೂ ಜೋರು. ಯಾರೂ ತಳ್ಳಬೇಕಿಲ್ಲ.

ಆಮ್‌ಸ್ಟರ್‌ಡ್ಯಾಮಿನ ಮರ ಕೊಯ್ಯುವವರ ಸಂಘಕ್ಕೆ ಇದು ಹಿಡಿಸಲಿಲ್ಲ, ಹೊಟ್ಟೆಪಾಡಿನ ಪ್ರಶ್ನೆ ನೋಡಿ. ಝಾನ್ ಹಳ್ಳಿಗಳಲ್ಲಿ ಅಂಥ ಸಂಘದ ಕಟ್ಟುಪಾಡು ಇರಲಿಲ್ಲ. ಹಲಗೆ ಅಗ್ಗವಾಯಿತು, ಹಡಗುಕಟ್ಟೆಗಳು ಬೆಳೆದವು. ರಷ್ಯಾದ ದೊರೆ ಪೀಟರ್ 1697ರಲ್ಲಿ ಝಾನ್‌ಡ್ಯಾಮಿಗೆ ಬಂದು, ಮರದ ಪುಟ್ಟ ಮನೆಯಲ್ಲಿ ಇಳಿದು ಹಡಗು ಕಟ್ಟುವುದನ್ನು ಕಲಿಯಲು ಹೊರಟ. ನೋಡಲು ಜನ ಮುತ್ತಿಕೊಂಡರು. ಸುಮಾರು ಒಂದು ವಾರಕ್ಕೇ ಆಮ್‌ಸ್ಟರ್‌ಡ್ಯಾಮಿಗೆ ಹೋಗಿಬಿಟ್ಟ. ಆ ಮನೆ ಇವತ್ತಿಗೂ ಇದೆ, ಅದರ ಸುತ್ತ ಇಟ್ಟಿಗೆ ಕಟ್ಟಡ ಕಟ್ಟಿ ಕಾಪಾಡಿದ್ದಾರೆ.

ಮರದ ಮನೆಯೇ ಯಾಕೆ? ಕೆಳಗಿರುವುದು ಪೀಟ್, ಕೊಳೆತ ಗಿಡಗಳಿಂದಾದ ಮೆತ್ತನೆಯ ಮಣ್ಣು. ಇಟ್ಟಿಗೆಯ ಭಾರಕ್ಕೆ ಕುಸಿಯುತ್ತದೆ. ಹಲಗೆ ಹಗುರ, ಜೊತೆಗೆ ಪಕ್ಕದಲ್ಲೇ ಸಿಗುತ್ತಿತ್ತು. ಅದಕ್ಕೆ ಹಸಿರು ಬಣ್ಣ, ಅಂಚಿಗೆ ಬಿಳಿ. ಇಂಥ ಮನೆಯನ್ನು ಎತ್ತಿ ಸಾಗಿಸಲೂಬಹುದು. ಪ್ರವಾಸಿಗರು ಮುಗಿಬೀಳುವ ಝಾನ್ಸೆ ಸ್ಖಾನ್ಸ್‌ನ ಬಹುತೇಕ ಮನೆಗಳು 1961ರಿಂದ ಈಚೆಗೆ ಬೇರೆ ಕಡೆಯಿಂದ ಹೀಗೆ ಬಂದವೇ. ಅದನ್ನು ಕೆಲವರು ನಕಲಿ ಹಳ್ಳಿ ಅಂತ ಹೀಯಾಳಿಸುತ್ತಾರೆ, ನಾನು ಒಪ್ಪಲ್ಲ. ಮನೆಗಳು ಹಳೆಯವೇ, ಜಾಗ ಮಾತ್ರ ಹೊಸದು.

ಅಲ್ಲಿನ ಹೆಟ್ ಯೊಂಗೆ ಸ್ಖಾಪ್ ಎಂಬ ಸಾಮಿಲ್ ಕಥೆ ಬೇರೆ. ಹಳೆಯದನ್ನು 1942ರಲ್ಲಿ ಕೆಡವಿದ್ದರು. ಅದರ ಅಳತೆಗಳನ್ನು ಮೊದಲೇ ಬರೆದಿಟ್ಟಿದ್ದರಿಂದ ಮತ್ತೆ ಕಟ್ಟಲು ಆಯಿತು. 2007ರಿಂದ ಅದು ಗಾಳಿಯ ಬಲದಲ್ಲೇ ದಿಮ್ಮಿ ಕೊಯ್ಯುತ್ತಿದೆ.